ನಿಂಗಪ್ಪ ಗೌಂಡಿಯ ಭರಣಿಗಳು

ಬೆಳ್ಳಟ್ಟಿಯಲ್ಲಿ ಗಾರೆ ಕೆಲಸ ಮಾಡುವ ನಿಂಗಪ್ಪ ಗೌಂಡಿಯ ಮನೆಕಟ್ಟೆಯ ಮೇಲೆ ಉಪ್ಪಿನಕಾಯಿ ಭರಣಿಗಳು ಸಾಲಾಗಿ ಕೂತಿರುತ್ತಿದ್ದವು. ಒಂದರಲ್ಲೂ ಉಪ್ಪಿನಕಾಯಿ ಇರುತ್ತಿರಲಿಲ್ಲ. ಒಂದರಲ್ಲಿ ಸಗಣಿ, ಒಂದರಲ್ಲಿ ಖಾನಾವಳಿಯ ಮುಸುರೆ, ಇನ್ನೊಂದರಲ್ಲಿ ಕೊಳೆತ ಉಳ್ಳಾಗಡ್ಡಿ. ಪ್ರತಿಯೊಂದರೊಳಗೂ ದಾರ ಕಟ್ಟಿ ಇಳಿಬಿಟ್ಟ ಮೂರು ಚೂರು: ಕಬ್ಬಿಣ, ಸಿಮೆಂಟು, ಫೈಬರ್.

ಗೋಬರ್ ಗ್ಯಾಸ್ ಘಟಕಕ್ಕೆ ಕಸವನ್ನು ಹಾಗೇ ಸುರಿಯುವಂತಿಲ್ಲ. ಮೊದಲು ಬೇರೆ ತೊಟ್ಟಿಯಲ್ಲಿ ನೆನೆಸಿ, ಕಲಸಿ, ಹುಳಿ ಬರಿಸಬೇಕು. ಆ ಹುಳಿ ತೊಟ್ಟಿಯನ್ನೂ ತಿನ್ನುತ್ತದೆ. ಯಾವ ಕಸಕ್ಕೆ ಯಾವ ತೊಟ್ಟಿ ಬಾಳುತ್ತದೆಂದು ಹೇಳುವುದು ನನ್ನ ಕಸುಬು. ಬೆಟಗೇರಿಯಲ್ಲಿ ಅಂಗಡಿ, ಗೋಡೆಯ ಮೇಲೆ ಡಿಪ್ಲೊಮಾ, ಮೇಜಿನ ಮೇಲೆ ಬಣ್ಣದ ಪುಸ್ತಿಕೆಗಳು, ಎಲ್ಲ ಇವೆ. ಆದರೂ ಮುಂಡರಗಿಯಿಂದ ಲಕ್ಷ್ಮೇಶ್ವರದವರೆಗೆ ಗಿರಾಕಿಗಳು ನನ್ನ ಮಾತೆಲ್ಲ ಕೇಳಿ, ನನ್ನ ಚಹಾ ಕುಡಿದು, ಕೊನೆಗೆ ಕೇಳುತ್ತಿದ್ದದ್ದು ಒಂದೇ: "ಗೌಂಡಿ ಏನಂದ?"

ಗೌಂಡಿ ಹೆಚ್ಚೇನೂ ಅನ್ನುತ್ತಿರಲಿಲ್ಲ. ಭರಣಿಯ ಮುಚ್ಚಳ ತೆಗೆದು, ಮೂಗು ಒಳಗಿಳಿಸಿ, ಕಣ್ಣು ಮುಚ್ಚಿ, "ಒಂಬತ್ತು ದಿನದ್ದು" ಎನ್ನುತ್ತಿದ್ದ. ಒಂಬತ್ತೇ ಆಗಿರುತ್ತಿತ್ತು. "ಎರಡು ತಿಂಗಳು ತಡೀರಿ. ಭರಣಿನ ಹೇಳ್ತೈತಿ." ನಾನೋ ಗಿರಾಕಿ ಕೈಬಿಟ್ಟಾನೆಂಬ ಚಿಂತೆಯಲ್ಲಿ ಎರಡು ದಿನ ತಡೆಯಲಾರದವನು. ನನ್ನ ಹೆಂಡತಿ ಕೂಡ, "ಅವನ್ನ ಒಂದ ಮಾತು ಕೇಳಿದ್ರ ನಿಮ್ಮ ಗಂಟೇನು ಹೋಗ್ತೈತಿ?" ಎಂದಿದ್ದಳು. ಆ ದಿನ ನನಗೆ ಊಟ ಸೇರಲಿಲ್ಲ.

ಲಕ್ಷ್ಮೇಶ್ವರದ ಉಳ್ಳಾಗಡ್ಡಿ ವ್ಯಾಪಾರಿ ಸೆಟ್ಟರು ದೊಡ್ಡ ಘಟಕ ಹಾಕಲು ಹೊರಟಾಗ ನನ್ನ ಹೊಟ್ಟೆಯುರಿ ಮಿತಿ ಮೀರಿತು. ಅವರೂ ಗೌಂಡಿಯ ಹತ್ತಿರ ಭರಣಿ ಇಡಿಸಿದ್ದರು. ಈ ಕೆಲಸ ಕೈತಪ್ಪಿದರೆ ಆ ಕಡೆ ನನ್ನ ಹೆಸರೇ ಮುಗಿದಂತೆ. ನಿಂಗಪ್ಪ ಶಿರಹಟ್ಟಿಗೆ ಹೋದ ದಿನ ನೋಡಿ ನಾನು ಬೆಳ್ಳಟ್ಟಿಗೆ ಹೋದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಸೆಟ್ಟರ ಉಳ್ಳಾಗಡ್ಡಿಯದು ಇದೇ ಇರಬೇಕೆಂದು ಕೊನೆಯ ಭರಣಿಯ ದಾರ ಎಳೆದೆ. ಕಪ್ಪು ರಾಡಿಯೊಳಗಿಂದ ಸಿಮೆಂಟಿನ ಚೂರು ಗಟ್ಟಿಮುಟ್ಟಾಗಿ ಮೇಲೆ ಬಂತು.

"ಯಾಕ್ರಿ ಸಾಹೇಬ್ರ, ಉಪ್ಪಿನಕಾಯಿ ಬೇಕಾಗಿತ್ತೇನ್ರಿ?"

ಬಾಗಿಲಲ್ಲಿ ಆತನ ಹೆಂಡತಿ ಗಂಗವ್ವ ನಿಂತಿದ್ದಳು. ಏನೋ ಬಡಬಡಿಸಿ ಗಾಡಿ ಹತ್ತಿದೆ. ಅಂದೇ ಸೆಟ್ಟರಿಗೆ, "ಸಿಮೆಂಟಿನ ತೊಟ್ಟಿನ ಕಟ್ಟಸ್ರಿ, ನಾ ಹೇಳ್ತೀನಿ" ಎಂದೆ. ಗೌಂಡಿಗಿಂತ ಮೊದಲು ಹೇಳಿದ ಖುಷಿಗೆ ಎರಡು ರೊಟ್ಟಿ ಹೆಚ್ಚು ತಿಂದೆ.

ಕಾಂಕ್ರೀಟು ಹಾಕುವ ಹಿಂದಿನ ದಿನ ನಿಂಗಪ್ಪ ನನ್ನ ಅಂಗಡಿಗೆ ಬಂದ. ಗಂಗವ್ವ ಎಲ್ಲ ಹೇಳಿರಬೇಕು. ಒಳಗೆ ಗಿರಾಕಿಗಳಿಲ್ಲದ್ದನ್ನು ನೋಡಿಕೊಂಡು, ಕೈಚೀಲದಿಂದ ಎರಡು ಭರಣಿ ತೆಗೆದಿಟ್ಟ.

"ನೀವು ನೋಡಿದ್ದು ಸಗಣಿ ಭರಣಿರಿ. ಉಳ್ಳಾಗಡ್ಡೀದು ಇದು."

ಎರಡನೆಯದರ ದಾರ ಎತ್ತಿದ. ಸಿಮೆಂಟಿನ ಚೂರು ಬೆರಳು ತಾಕಿದ್ದೇ ಮರಳಾಗಿ ಉದುರಿತು. ಫೈಬರಿನದು ಮಾತ್ರ ಹಾಕಿದ ಹಾಗೇ ಇತ್ತು.

"ಮೂಗ ಕಟ್ಟಿಕೊಂಡು ತೊಟ್ಟಿ ಆರಸಾಕ ಆಗೂದಿಲ್ರಿ ಸಾಹೇಬ್ರ." ನಗಲೂ ಇಲ್ಲ.

"ಸೆಟ್ರ ಮುಂದ ಹೇಳಿದಿಯೇನು?" ಎಂದೆ.

"ನಾ ಯಾಕ ಹೇಳ್ಲಿ? ನೀವ ಫೋನ್ ಮಾಡ್ರಿ. ಇನ್ನೊಮ್ಮೆ ನೋಡಿದೆ, ಫೈಬರ್ ಬಾಳಿಕಿ ಬರ್ತೈತಿ ಅನ್ರಿ."

ಹಾಗೇ ಅಂದೆ. ಸೆಟ್ಟರು, "ಗೌಂಡಿಗಿಂತ ನೀವ ಚಲೋ ನೋಡೀರಿ ಬಿಡ್ರಿ" ಎಂದು ಹೊಗಳಿದರು. ಅದು ನಿಂಗಪ್ಪನಿಗೂ ಕೇಳಿಸಿತು. ಆತ ತಲೆ ತಗ್ಗಿಸಿ ಭರಣಿಗಳ ಬಾಯಿಗೆ ಬಟ್ಟೆ ಕಟ್ಟುತ್ತಿದ್ದ. ಬೈದಿದ್ದರೆ ನನ್ನ ಹೊಟ್ಟೆಯುರಿ ಅಂದೇ ಆರುತ್ತಿತ್ತೇನೋ.

ಅದೇ ಕೊನೆಯ ಭೇಟಿ. ಮುಂದಿನ ಬೇಸಿಗೆಯಲ್ಲಿ ನಿಂಗಪ್ಪ ತೀರಿಕೊಂಡ. ಮಾತಾಡಿಸಲು ಹೋದಾಗ ಗಂಗವ್ವ ಕಟ್ಟೆಯ ಕಡೆ ಕೈ ತೋರಿಸಿ, "ಒಯ್ರಿ. ನಿಮಗ ಕೊಡು ಅಂದಿದ್ರು" ಎಂದಳು.

ಈಗ ಭರಣಿಗಳು ನನ್ನ ಮಾಳಿಗೆಯ ಮೇಲಿವೆ. ಎರಡು ತಿಂಗಳು ತಡೆಯಿರಿ ಎಂದರೆ ಗಿರಾಕಿಗಳು ತಡೆಯುತ್ತಾರೆ. ಗೌಂಡಿ ಏನಂದ ಎಂದು ಯಾರೂ ಕೇಳುವುದಿಲ್ಲ. ಕರವಸ್ತ್ರವಿಲ್ಲದೆ ಮುಚ್ಚಳ ತೆಗೆದು ಮೂಗು ಇಳಿಸುತ್ತೇನೆ. ಉಳ್ಳಾಗಡ್ಡಿ ಎಂದು ತಿಳಿಯುತ್ತದೆ. ಎಷ್ಟು ದಿನದ್ದು ಎಂದು ತಿಳಿಯಲು, ಭರಣಿಯ ಹಿಂದೆ ನಾನೇ ಅಂಟಿಸಿದ ಚೀಟಿಯನ್ನು ಯಾರಿಗೂ ಕಾಣದಂತೆ ಓದಿಕೊಳ್ಳುತ್ತೇನೆ.