ಕಾಸು ಹಾಕಿದಷ್ಟೇ ಹೊತ್ತು

ಮಾಂಗ್ ತೆರೋಯ್ ಕೆಟ್ಟವನಲ್ಲ, ಆದರೆ ಮಹಾ ಜಿಪುಣ. ಇದನ್ನ ಅವನ ಮುಖಕ್ಕೇ ಎಷ್ಟೋ ಸಲ ಹೇಳಿದ್ದೀನಿ, ನಿಮ್ಮ ಹತ್ತಿರ ಹೇಳೋಕೆ ನನಗೇನು ದಾಕ್ಷಿಣ್ಯ? ನವೋತಾಸ್‌ನ ಮೀನು ಬಂದರಿನ ಹಿಂದಿನ ಗಲ್ಲಿಯಲ್ಲಿ ನನ್ನದು ಗಂಜಿ ಅಂಗಡಿ, ಪಕ್ಕದ್ದು ಅವನ ರಿಪೇರಿ ಅಂಗಡಿ. ನಡುವೆ ಒಂದು ತಗಡು. ಅವನು ಸೀನಿದರೆ ನನ್ನ ಪಾತ್ರೆ ಅಲ್ಲಾಡುತ್ತೆ.

ಅವನ ಅಂಗಡಿ ಮುಂದೆ ಒಂದು ಹಳೇ ಟಿವಿ, ಅದಕ್ಕೆ ಜಪಾನಿನಿಂದ ಬಂದ ಹಳೇ ಗೇಮ್ ಯಂತ್ರ, ಅದರ ಪಕ್ಕ ಅವನೇ ಮಾಡಿದ ಮರದ ಪೆಟ್ಟಿಗೆ. ಪೆಟ್ಟಿಗೆಗೆ ಒಂದು ಪೆಸೊ ಹಾಕಿದರೆ ಯಂತ್ರಕ್ಕೆ ಒಂದಿಷ್ಟು ಹೊತ್ತು ಕರೆಂಟು. ಹೊತ್ತು ಮುಗೀತೋ, ಟಕ್, ಎಲ್ಲಾ ಕತ್ತಲೆ. ಗಲ್ಲಿಯ ತರಲೆಗಳು ವೈರು ಕಿತ್ತು ಬೇರೆ ಕಡೆ ಸಿಗಿಸಿ ಪುಕ್ಕಟೆ ಆಡ್ತಾವೆ ಅಂತ, ಯಂತ್ರದ ವೈರನ್ನ ಪೆಟ್ಟಿಗೆಯ ಹೊಟ್ಟೆಯೊಳಕ್ಕೇ ಬೆಸುಗೆ ಹಾಕಿಬಿಟ್ಟಿದ್ದ ಪುಣ್ಯಾತ್ಮ.

ಅವನಿಗಿದ್ದದ್ದು ಒಬ್ಬಳೇ ಮಗಳು, ಲುವಾಲ್ಹತಿ. ನಾವೆಲ್ಲ ಲುವಾ ಅಂತಿದ್ವಿ. ಹೆಂಡತಿ ಯಾವನೋ ಒಬ್ಬನ ಜೊತೆ ದೂರದ ದಾವಾವೊಗೆ ಹೋದ ಮೇಲೆ ಆ ಹುಡುಗಿ ಅರ್ಧ ಬೆಳೆದದ್ದು ನನ್ನ ಅಂಗಡಿ ಬೆಂಚಿನ ಮೇಲೆ. ಶುಂಠಿ ಜಾಸ್ತಿ ಹಾಕಿದ ಗಂಜಿ ಬೇಕು ಅವಳಿಗೆ, ಮೊಟ್ಟೆ ಬೇಡ. ದೋಣಿ ಹೊಡ್ಕೊಂಡು ದ್ವೀಪ ಹುಡುಕೋ ಒಂದು ಆಟ ಇತ್ತು, ಅದಂದ್ರೆ ಪ್ರಾಣ. ಅದಕ್ಕೂ ಅವಳು ಕಾಸು ಹಾಕಬೇಕು!

"ಅಪ್ಪಾ, ಇನ್ನೊಂಚೂರು, ದಡ ಕಾಣ್ತಾ ಇದೆ" ಅಂತ ಅವಳು ಗೋಗರೆದರೆ ಇವನು ಬೆಸುಗೆ ಕಡ್ಡಿಯಿಂದ ಕಣ್ಣೆತ್ತದೇ, "ಪೆಟ್ಟಿಗೆಗೆ ಅಪ್ಪ ಮಗಳು ಎಲ್ಲಾ ಗೊತ್ತಾಗಲ್ಲ ಕಣಮ್ಮ, ಕಾಸು ಹಾಕಿದಷ್ಟೇ ಹೊತ್ತು" ಅನ್ನೋನು. ಅವಳು ತಗಡಿನ ಸಂದಿಯಿಂದ ಮೂತಿ ತೂರಿಸಿ ನನ್ನ ಕೇಳೋಳು: "ಬೆರ್ತಾ, ಇನ್ನೊಂದು ಕಾಸಿದ್ಯಾ?" ಅವಳಪ್ಪನನ್ನ ಎಲ್ಲರೂ ಮಾಂಗ್ ಅನ್ನೋ ಹಾಗೆ ನನ್ನನ್ನ ಆಲಿಂಗ್ ಅಂತ ಸೇರಿಸಿ ಕರಿಯೋ ಮರ್ಯಾದೆ ಇಲ್ಲ ಆ ಕೋತಿಗೆ. "ಇಲ್ಲ ಹೋಗೇ, ನಿಮ್ಮಪ್ಪ ಇಟ್ಟು ಹೋಗಿದ್ದಾನಾ ನನ್ ಹತ್ರ?" ಅಂತ ಬೈದು ಕೊಡ್ತಿದ್ದೆ.

ಒಂದು ಮಳೆಗಾಲ ಅವಳಿಗೆ ಡೆಂಗಿ ಬಂತು. ವಾರ ಕೂಡ ಉಳೀಲಿಲ್ಲ. ಹದಿಮೂರು ವರ್ಷದ ಹುಡುಗಿ. ಅದನ್ನ ವಿವರಿಸೋಕೆ ನನ್ನಿಂದ ಆಗಲ್ಲ, ಬಿಡಿ.

ದೋಣಿ ಆಟ ಇದ್ದ, ಯಂತ್ರಕ್ಕೆ ಸಿಗಿಸೋ ಕಾರ್ಟ್ರಿಜ್ಜನ್ನ ತೆರೋಯ್ ಬಿಸ್ಕತ್ ಡಬ್ಬಿಗೆ ಹಾಕಿ ಮೇರಿಯಮ್ಮನ ಪಟದ ಹಿಂದೆ ಇಟ್ಟ. ವರ್ಷಗಟ್ಟಲೆ ಮುಟ್ಟಲಿಲ್ಲ. ಹೋದ ಬೇಸಗೆಯಲ್ಲಿ ಯಾರೋ ಗಿರಾಕಿ ಅದೇ ಕಾಲದ ಬೇರೊಂದು ಕಾರ್ಟ್ರಿಜ್ ತಂದ. ಒಳಗಿದ್ದ ಬಿಲ್ಲೆ ಬ್ಯಾಟರಿ ಸತ್ತು, ಆಡಿದ್ದೆಲ್ಲ ಅಳಿಸಿ ಹೋಗಿತ್ತು. ಆ ಬ್ಯಾಟರಿ ಉಸಿರಾಡೋವರೆಗೆ ಮಾತ್ರ ಕಾರ್ಟ್ರಿಜ್‌ಗೆ ನೆನಪು. ಗಿರಾಕಿ ಅತ್ತ ಹೋಗಿದ್ದೇ ತಡ, ತೆರೋಯ್ ನನ್ನ ಅಂಗಡಿಗೆ ಬಂದು ನಿಂತ.

"ಬೆರ್ತಾ, ಲುವಾ ದೋಣಿ ಇನ್ನೂ ಅವಳ ಕಾರ್ಟ್ರಿಜ್ಜಿನೊಳಗಿದೆ. ಬ್ಯಾಟರಿ ಹೋದ್ರೆ ಅದೂ ಹೋಗುತ್ತೆ."

"ಹಾಗಾದ್ರೆ ಬ್ಯಾಟರಿ ಬದಲಾಯಿಸೋ ಮಾರಾಯ, ನಿನ್ನ ಕಸುಬೇ ಅದಲ್ವಾ?"

"ಹಳೇದು ತೆಗೆದ ಕ್ಷಣ ಎಲ್ಲಾ ಅಳಿಸಿ ಹೋಗುತ್ತೆ. ಯಂತ್ರಕ್ಕೆ ಸಿಗಿಸಿ, ಅದರ ಕರೆಂಟು ಹರೀತಿರುವಾಗಲೇ ತೆಗೀಬೇಕು."

ಸರಿ, ಸಿಗಿಸಿದ. ಪರದೆ ಕಪ್ಪು. ಫುಟ್‌ಬಾಲ್ ಆಟ ಹಾಕಿದ, ಓಡಿತು. ಕಾರ್ ರೇಸು, ಓಡಿತು. ದೋಣಿ ಹಾಕಿದರೆ ಮತ್ತೆ ಕಪ್ಪು. ಇದ್ದಬದ್ದ ಕಾರ್ಟ್ರಿಜ್ಜೆಲ್ಲ ಒಂದೊಂದಾಗಿ ಹಾಕಿ ನೋಡಿದ. ಹೆಚ್ಚಿನವು ಓಡಿದವು, ಕೆಲವು ಇಲ್ಲ.

ಎದುರುಗಡೆ ತನ್ನ ಬಾಡಿಗೆ ಬೈಕ್ ಗಾಡಿ, ಟ್ರೈಸಿಕಲ್ ನಿಲ್ಲಿಸ್ಕೊಂಡು ದಿನವಿಡೀ ಹರಟೋ ಕುಲಾಸ್ ಕೂಗಿದ: "ಏನ್ ತೆರೋಯ್, ನಿನ್ನ ಯಂತ್ರಾನೂ ನಿನ್ನ ಹಾಗೇ ಆಯ್ತಾ? ಬೇಕಾದೋರ ಹತ್ರ ಮಾತ್ರ ಮಾತು?"

"ಬಾಯ್ ಮುಚ್ಚೋ" ಅಂದೆ ನಾನು. ತೆರೋಯ್‌ಗೆ ಕೇಳಿಸಲೇ ಇಲ್ಲ. ಓಡದ ಕಾರ್ಟ್ರಿಜ್‌ಗಳನ್ನೆಲ್ಲ ಬೋರಲು ಹಾಕಿ ಹಲ್ಲು ನೋಡ್ತಿದ್ದ. ಓಡಿದವಕ್ಕೆ ನಡುವೆ ಮಾತ್ರ ತಾಮ್ರದ ಹಲ್ಲು. ಓಡದಿದ್ದವಕ್ಕೆ ಎರಡು ಪಕ್ಕದಲ್ಲೂ ಇನ್ನೊಂದಿಷ್ಟು. ಯಂತ್ರ ಬಿಚ್ಚಿ ದೀಪ ಹಿಡಿದ. ಆ ಹಲ್ಲು ಕೂರೋ ಕಡ್ಡಿಗಳಲ್ಲಿ ನಡುವಿನವು ಫಳಫಳ, ಪಕ್ಕದವು ಹಸಿರು ಕಿಲುಬು ಹತ್ತಿ ಕುಗ್ಗಿ ಕೂತಿದ್ದವು.

"ಊದಿ ಊದಿ ಹೀಗಾಗಿದೆ" ಅಂದ.

ಆಟ ಓಡದಿದ್ದರೆ ಕಾರ್ಟ್ರಿಜ್ ತೆಗೆದು ಬಾಯಿಂದ ಊದೋದು ನಮ್ಮ ಗಲ್ಲಿಯ ಮಕ್ಕಳು ಹುಟ್ಟುತ್ತಲೇ ಕಲಿತ ವಿದ್ಯೆ. ಉಸಿರಿನ ತೇವಕ್ಕೆ ತಾಮ್ರ ಕೆಡುತ್ತೆ, ಊದಬೇಡ್ರೋ ಅಂತ ಇವನು ಗಂಟಲು ಹರ್ಕೊಂಡರೂ ಯಾರು ಕೇಳ್ತಾರೆ? ಎಲ್ಲರಿಗಿಂತ ಜಾಸ್ತಿ ಊದ್ತಿದ್ದೋಳು ಲುವಾ. ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ, ಬಲೂನು ಊದೋ ಹಾಗೆ.

ತೆರೋಯ್ ಹಲ್ಲುಜ್ಜೋ ಬ್ರಷ್ಷನ್ನ ಸ್ಪಿರಿಟ್ಟಿಗೆ ಅದ್ದಿದ. ಅದ್ದಿ, ಉಜ್ಜದೇ ಹಾಗೇ ಹಿಡ್ಕೊಂಡ.

"ಏನಾಯ್ತೋ?"

"ಅವಳ ಉಸಿರು ಬೆರ್ತಾ ಇದು."

ನಾನು ಗದರಿದೆ: "ಆ ಕಿಲುಬು ಇಟ್ಕೊಂಡು ಏನ್ ಮಾಡ್ತೀಯ? ಅವಳ ದೋಣಿ ಬೇಕೋ ಬೇಡ್ವೋ?" ಉಜ್ಜಿದ. ಒಂದೊಂದೇ ಕಡ್ಡಿಯನ್ನ ಸೂಜಿ ಮೊನೆಯಲ್ಲಿ ಮೀಟಿ ಎತ್ತಿದ. ಸಂಜೆ ಹೊತ್ತಿಗೆ, ಓಡದಿದ್ದ ಬೇರೆ ಕಾರ್ಟ್ರಿಜ್‌ಗಳೆಲ್ಲ ಓಡಿದವು. ದೋಣಿಯದನ್ನ ಮಾತ್ರ ಅವನು ಹಾಕಲಿಲ್ಲ.

"ನಾಳೆ. ಮಧ್ಯದಲ್ಲಿ ಕರೆಂಟು ಹೋದ್ರೆ ಗತಿಯೇನು?"

ಅದೊಂದೇ ಭಯ ಎಲ್ಲರಿಗೂ. ಬೇಸಗೆಯಲ್ಲಿ ನಮ್ಮ ಕಡೆ ಕರೆಂಟು ಹೇಳದೇ ಕೇಳದೇ ಹೋಗುತ್ತೆ. ಕುಲಾಸ್ ಮರುದಿನ ಮಧ್ಯಾಹ್ನ ತನ್ನ ಟ್ರೈಸಿಕಲ್ಲಿನ ಬ್ಯಾಟರಿ ಕಳಚಿ ತಂದ, ಭಾವಮೈದುನನ ಇನ್ವರ್ಟರ್ ಹೊತ್ಕೊಂಡು ಬಂದ. ಬಾಯಿ ಹೊಲಸಾದರೂ ಮನಸ್ಸು ಒಳ್ಳೇದು. ಪೆಟ್ಟಿಗೆಯ ಪ್ಲಗ್ಗನ್ನ ಇನ್ವರ್ಟರಿಗೆ ಸಿಗಿಸಿ, "ಇಡೀ ಲುಝೋನ್ ದ್ವೀಪ ಕತ್ತಲಾದ್ರೂ ನಿನ್ನ ಅಂಗಡೀಲಿ ದೀಪ ಉರಿಯುತ್ತೆ ತಗೋ" ಅಂದ.

ತೆರೋಯ್ ಕಾರ್ಟ್ರಿಜ್ಜಿನ ಮೇಲಿನ ಕವಚ ತೆಗೆದು ಬೆತ್ತಲೆ ಹಲಗೆಯನ್ನ ಯಂತ್ರಕ್ಕೆ ಕೂರಿಸಿದ. ಅಭ್ಯಾಸದ ಕೈ, ಗಲ್ಲಾದಿಂದ ಒಂದಿಷ್ಟು ಕಾಸು ತೆಗೆದು ಪೆಟ್ಟಿಗೆಗೆ ಹಾಕಿತು. ಪರದೆ ಬೆಳಗಿತು.

ಸಮುದ್ರ. ಒಂದು ದೋಣಿ. ಅದರ ತುದಿಯಲ್ಲಿ ಜಡೆ ಹಾಕಿದ ಪುಟ್ಟ ಹುಡುಗಿ, ತಲೆಯ ಮೇಲೆ 'ಲುವಾ' ಅಂತ ಹೆಸರು. ಬಟನ್ ಯಾರೂ ಒತ್ತದಿದ್ದರೆ ಆ ಹುಡುಗಿ ಸುಮ್ಮನೆ ಅತ್ತಿತ್ತ ನೋಡ್ತಾಳೆ, ಒಮ್ಮೊಮ್ಮೆ ಆಕಳಿಸ್ತಾಳೆ. ದೂರದಲ್ಲಿ ದಡ ಕಾಣ್ತಿತ್ತು.

ಕುಲಾಸ್ ಟೋಪಿ ತೆಗೆದ. ನಾನು ಸೆರಗಿಲ್ಲದ ಹೆಂಗಸು, ಏಪ್ರನ್ನಲ್ಲೇ ಕಣ್ಣೊರೆಸ್ಕೊಂಡೆ. ತೆರೋಯ್ ಮೊಣಕಾಲ ಮೇಲೆ ಕೈಯಿಟ್ಟು ನೋಡಿದ, ನೋಡಿದ, ನೋಡ್ತಾನೇ ಇದ್ದ. ಅವಳಿದ್ದಾಗ ಒಂದು ದಿನವೂ ಹೀಗೆ ಕೂತು ನೋಡಿರಲಿಲ್ಲ. ನೋಡಲಿ ಪಾಪ ಅಂತ ನಾವೂ ಸುಮ್ಮನಿದ್ವಿ. ಯಾರು ಅವನನ್ನ ಎಬ್ಬಿಸ್ತಾರೆ?

ಕೊನೆಗೆ ಅವನೇ ಮೂಗು ಒರೆಸ್ಕೊಂಡು ಬೆಸುಗೆ ಕಡ್ಡಿ ಹಿಡಿದ. ಸೀಸ ಕರಗಿತು. ಹಳೇ ಬ್ಯಾಟರಿಯನ್ನ ಚಿಮಟದಲ್ಲಿ ಎತ್ತಿ ಪಕ್ಕಕ್ಕಿಟ್ಟ. ಪರದೆ ಮೇಲೆ ಹುಡುಗಿ ಆಕಳಿಸಿದಳು. "ಇದ್ದಾಳೆ, ಇದ್ದಾಳೆ" ಅಂದ ಕುಲಾಸ್. ತೆರೋಯ್ ಹೊಸ ಬ್ಯಾಟರಿಗೆ ಕೈ ಚಾಚಿದ.

ಟಕ್.

ಅಯ್ಯೋ ದೇವರೇ. ಕುಲಾಸ್ ಇನ್ವರ್ಟರ್ ಕಡೆ ಹಾರಿದ, ಅದರ ಕೆಂಪು ದೀಪ ಉರೀತಾನೇ ಇತ್ತು. ನನ್ನ ಅಂಗಡಿಯ ಫ್ಯಾನೂ ತಿರುಗ್ತಿತ್ತು. ಕರೆಂಟು ಎಲ್ಲೂ ಹೋಗಿರಲಿಲ್ಲ. ತೆರೋಯ್ ಮೆಲ್ಲಗೆ ತಿರುಗಿ ಪೆಟ್ಟಿಗೆ ನೋಡಿದ. ಕಾಸಿನ ಹೊತ್ತು ಮುಗಿದಿತ್ತು, ಅಷ್ಟೇ. ಅವನು ಮಾಡಿದ ಪೆಟ್ಟಿಗೆ ಯಾವತ್ತೂ ಯಾರಿಗೂ ಮೋಸ ಮಾಡಿದ್ದಲ್ಲ.

ತೆರೋಯ್ ಹೊಸ ಬ್ಯಾಟರಿಯನ್ನ ಅದರ ಜಾಗದಲ್ಲಿಟ್ಟು ಅಚ್ಚುಕಟ್ಟಾಗಿ ಬೆಸೆದ. ಗಲ್ಲಾದಲ್ಲಿ ಉಳಿದಿದ್ದ ಒಂದು ಕಾಸು ಹಾಕಿದ. ಸಮುದ್ರ ಬಂತು, ದೋಣಿ ಇಲ್ಲ. ಹೊಸ ಆಟ, ಹೆಸರು ಬರಿ ಅಂತ ಕೇಳಿತು. ಅವನು ಒಂದೊಂದೇ ಅಕ್ಷರ ಹುಡುಕಿ 'ಲುವಾ' ಅಂತ ಬರೆದ. ಪುಟ್ಟ ಹುಡುಗಿ ಬಂದು ಮರಳಿನ ಮೇಲೆ ನಿಂತಳು. ಜಡೆ ಇನ್ನೂ ಬಂದಿರಲಿಲ್ಲ, ದೋಣಿಯೂ ಇಲ್ಲ. ಆಟ ಹೇಗೆ ಆಡೋದು ಅಂತ ಅವನಿಗೆ ಗೊತ್ತೇ ಇರಲಿಲ್ಲ. ನೋಡ್ತಾ ಕೂತ.

ನನಗೆ ಅಲ್ಲಿ ನಿಲ್ಲೋಕಾಗದೆ ಅಂಗಡಿಗೆ ಬಂದು ಗಂಜಿ ತಿರುವಿದೆ. ಸ್ವಲ್ಪ ಹೊತ್ತಿಗೆ ತಗಡಿನ ಸಂದಿಯಲ್ಲಿ ಒಂದು ನರೆತ ತಲೆ ಕಾಣಿಸಿತು.

"ಬೆರ್ತಾ, ಇನ್ನೊಂದು ಕಾಸಿದ್ಯಾ?"

ಈ ಸಲ ಬೈಯಲಿಲ್ಲ. ಚಿಲ್ಲರೆ ಡಬ್ಬಿಯನ್ನೇ ಎತ್ತಿ ಸಂದಿಯಿಂದ ಆಚೆ ಕೊಟ್ಟೆ.