ಹಿಮಗುಹೆಯ ಬಾಗಿಲಲ್ಲಿ ಬಿಚ್ಚಿಟ್ಟ ಬೂಟು

ತಿರುಗಿ ನೋಡುವಷ್ಟರಲ್ಲಿ ನಮ್ಮತ್ತೆ ಹಿಮಗುಹೆಯ ಬಾಯಲ್ಲಿ ಕೂತು, ಕಬ್ಬಿಣದ ಮುಳ್ಳು ಕಟ್ಟಿದ್ದ ಬೂಟು ಬಿಚ್ಚಿ ಪಕ್ಕಕ್ಕಿಟ್ಟುಬಿಟ್ಟಿದ್ದರು. ಬ್ರಿಸ್ಬೇನಿನಿಂದ ನ್ಯೂಜಿಲೆಂಡಿಗೆ ಟೂರ್ ಹೋಗಿದ್ದ ನಮ್ಮನ್ನು ಹೆಲಿಕಾಪ್ಟರಿನಲ್ಲಿ ಹಿಮನದಿಯ ಮೇಲೆ ಇಳಿಸಿದ್ದರು. ಗೈಡ್ ಹುಡುಗಿ ಮುಂದೆ ಹಗ್ಗ ಕಟ್ಟುತ್ತಿದ್ದಳು.

“ಗುಹೆ ಅಂದ್ಮೇಲೆ ಒಳಗೆ ದೇವ್ರು ಇದ್ದೇ ಇರ್ತಾನೆ. ಮೆಟ್ಟು ಹಾಕ್ಕೊಂಡು ಹೋಗ್ತಾರೇನೇ?” ಅಂದರು ಅತ್ತೆ.

ನಾನು ವಾದಿಸುತ್ತಿದ್ದಂತೆ, ಹಿಂದಿದ್ದ ಅಡಿಲೇಡಿನ ದಂಪತಿ ಇದೂ ಟೂರಿನ ನಿಯಮವಿರಬೇಕೆಂದು ತಮ್ಮ ಬೂಟು ಬಿಚ್ಚತೊಡಗಿದರು. ಅವರನ್ನು ನೋಡಿ ಇನ್ನಿಬ್ಬರು. ಗೈಡ್ ತಿರುಗಿದಾಗ ಐದು ಜೊತೆ ಬೂಟು ದೇವಸ್ಥಾನದ ಮುಂದಿನಂತೆ ಸಾಲಾಗಿದ್ದವು.

“ಈಗಲೇ ಹಾಕಿಕೊಳ್ಳಿ. ಇಲ್ಲದಿದ್ದರೆ ಕಾಲ್ಬೆರಳು ಇಲ್ಲೇ ಬಿಟ್ಟು ಹೋಗಬೇಕಾಗುತ್ತದೆ” ಎಂದಳು. ಎಲ್ಲರೂ ತೆಪ್ಪಗೆ ಹಾಕಿಕೊಂಡರು, ಅತ್ತೆ ಕೊನೆಗೆ.

ಒಳಗೆ ನೀಲಿ ಮಂಜುಗಡ್ಡೆ ಬಿಟ್ಟರೆ ಏನೂ ಇರಲಿಲ್ಲ. ಅತ್ತೆ ಅದಕ್ಕೇ ಕೈಮುಗಿದರು, ಅಡಿಲೇಡಿನವರೂ ಮುಗಿದರು. ನಾನು ಫೋಟೊಗೆಂದು ಫೋನ್ ಎತ್ತಿದರೆ ಅಡಿಲೇಡಿನ ಹೆಂಗಸು ನನ್ನ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ಬೇಡವೆಂದು ತಲೆಯಾಡಿಸಿದಳು. ಗರ್ಭಗುಡಿಯಲ್ಲಿ ಫೋಟೊ ತೆಗೆಯಬಾರದು ಅಂತ ಅಡಿಲೇಡಿನವರಿಂದ ಹೇಳಿಸಿಕೊಂಡ ಮೈಸೂರಿನವಳು ನಾನೊಬ್ಬಳೇ ಇರಬೇಕು.