ಬಕೆಟ್ಟಿನಲ್ಲಿ ಹೊಂಗೆಸೊಪ್ಪು, ಕಡಲಿನಲ್ಲಿ ದೊಡ್ಡಮ್ಮ

ತುಂಬಿದ ಬಕೆಟ್ಟನ್ನು ನಲ್ಲಿಯಿಂದ ಕೊಟ್ಟಿಗೆಗೆ ಒಯ್ಯುವಾಗ ನಮ್ಮ ದೊಡ್ಡಮ್ಮ ನೀರಿನ ಮೇಲೊಂದು ಹೊಂಗೆಯ ಕುಡಿಯನ್ನು ತೇಲಿಬಿಡುತ್ತಾರೆ. ಕೇಳಿದರೆ, ನೀರು ತುಳುಕುವುದಿಲ್ಲವಂತೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ಗಂಟಲು ಹರಿದುಕೊಂಡು, ಪುರಾವೆಯಿಲ್ಲದೆ ಸ್ವಂತ ಜನ್ಮದಿನವನ್ನೂ ಒಪ್ಪಬಾರದೆಂಬ ದೀಕ್ಷೆ ಪಡೆದಿದ್ದ ನಾನು, ನಾಲ್ಕು ಎಲೆಗೆ ಅಷ್ಟು ಸಾಮರ್ಥ್ಯವಿದ್ದರೆ ಅಣೆಕಟ್ಟುಗಳನ್ನೇಕೆ ಕಟ್ಟಿದರು ಎಂದು ವಾದಿಸಿದ್ದುಂಟು. ದೊಡ್ಡಮ್ಮ ಬಕೆಟ್ಟಿನೊಡನೆ ಹೊರಟುಹೋಗಿದ್ದರು. ಎದುರಾಳಿ ಸಭಾತ್ಯಾಗ ಮಾಡಿದ್ದರಿಂದ ಗೆಲುವು ನನ್ನದೆಂದು ನಾನೇ ತೀರ್ಪಿತ್ತುಕೊಂಡಿದ್ದೆ.

ಇಂಥ ದೊಡ್ಡಮ್ಮ ಈ ವರ್ಷ ಹಡಗು ಹತ್ತುತ್ತೇನೆಂದರು. ಹೊಸಕೋಟೆಯಲ್ಲಿರುವ ಅವರ ತಂಗಿ, ನಿವೃತ್ತ ಶಿಕ್ಷಕಿ, ಕೊಚ್ಚಿಯಿಂದ ಹೊರಟು ಐದು ದಿನ ಕಡಲು ಸುತ್ತಿಸಿ ಮತ್ತೆ ಕೊಚ್ಚಿಗೇ ತಂದುಬಿಡುವ ವಿಹಾರನೌಕೆಯಲ್ಲಿ ಇಬ್ಬರಿಗೂ ಜಾಗ ಹಿಡಿಸಿದ್ದರು. ಸೂಲಿಬೆಲೆಯಲ್ಲಿ ಎರಡು ಹೊತ್ತೂ ಡೈರಿಗೆ ಹಾಲು ಹಾಕುವ ದೊಡ್ಡಮ್ಮ ಸಂಜೆಯಾಯಿತೆಂದರೆ ಮದುವೆಮನೆಯ ಪಂಕ್ತಿಯಿಂದಲೂ ಎದ್ದು ಬರುವವರು. ಸಮುದ್ರವನ್ನು ಕಂಡವರೇ ಅಲ್ಲ. ಅವರ ಮಗ ಮಹೇಶಣ್ಣನಿಗೆ ದಿಗಿಲಾಯಿತು. ಪಕ್ಕದ ಮನೆಯ ನನ್ನಲ್ಲಿಗೆ ಬಂದು, “ಲೋ, ಊರೆಲ್ಲಾ ವಾದ ಮಾಡ್ಕೊಂಡ್ ತಿರುಗ್ತೀಯಲ್ಲ, ನಮ್ಮಮ್ಮನ್ನ ಒಂದ್ಸಲ ಸೋಲ್ಸಿ ತೋರ್ಸು ನೋಡಾನ,” ಎಂದ.

ನಾನು ಹಡಗಿನ ಜಾತಕ ತೆಗೆದೆ; ಜಾತಕ ನಂಬದವನು ಅಷ್ಟು ಶ್ರದ್ಧೆಯಿಂದ ಓದಿದ ಮೊದಲ ಜಾತಕ ಅದು. ಒಂದು ಕಾಲಕ್ಕೆ ಹಡಗುಗಳಿಗೆ ತಲುಪಬೇಕಾದ ಊರುಗಳಿದ್ದವು, ಹೊರಬೇಕಾದ ಅಂಚೆಯಿತ್ತು, ಗಾಂಭೀರ್ಯವಿತ್ತು. ನಮ್ಮ ರಾಗಿ ಹೊಲಗಳ ಮೇಲೆ ದೇವನಹಳ್ಳಿಯತ್ತ ಇಳಿಯುತ್ತವಲ್ಲ, ಆ ವಿಮಾನಗಳ ವಂಶ ಬಂದು ಪ್ರಯಾಣಿಕರನ್ನೆಲ್ಲ ಕಿತ್ತುಕೊಂಡಿತು. ಉದ್ಯೋಗಭ್ರಷ್ಟ ಹಡಗುಗಳು ಆಗ, ಎಲ್ಲಿಗೂ ಹೋಗದೆ ಸುತ್ತಿ ಬರುವುದನ್ನೇ ವೃತ್ತಿ ಮಾಡಿಕೊಂಡವು. ನಮ್ಮ ಹಡಗೂ ಮೊದಲು ಯಾವುದೋ ಶೀತಲ ಕಡಲಿನಲ್ಲಿ ಜನರನ್ನೂ ಕಾರುಗಳನ್ನೂ ದಡದಿಂದ ದಡಕ್ಕೆ ದಾಟಿಸುತ್ತಿದ್ದದ್ದು. ಆಮೇಲೆ ಒಡೆಯರು ಬದಲಾದಂತೆ ಮೂರು ಬಾರಿ ಹೆಸರು ಬದಲಾಯಿತು. ಒಮ್ಮೆಯಂತೂ ಅದನ್ನು ನಡುವೆ ಅಡ್ಡಲಾಗಿ ಕತ್ತರಿಸಿ, ಹೊಸ ತುಂಡೊಂದನ್ನು ಸೇರಿಸಿ ಬೆಸುಗೆ ಹಾಕಿದ್ದರು. ಇದಕ್ಕಿಂತ ಪ್ರಬಲವಾದ ಅಸ್ತ್ರ ಬೇಕೆ?

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ದೊಡ್ಡಮ್ಮನ ಮುಂದೆ ಬೆಸುಗೆಯ ವಿಚಾರ ಮಂಡಿಸಿದೆ.

“ಮಹೇಶನ್ ಮದ್ವೇಲಿ ಈ ಮನೆ ನಡೂಕೆ ಒಡ್ದು ಉದ್ದ ಮಾಡುಸ್ಲಿಲ್ವೇನೋ? ಬಿದ್ದೋಯ್ತಾ?”

ಅದು ಮಹಾನೌಕೆಯೂ ಅಲ್ಲ, ಮಧ್ಯಮ ಗಾತ್ರದ್ದು ಎಂದೆ. ಸಣ್ಣ ಬಂದರುಗಳಿಗೂ ನುಗ್ಗಬಲ್ಲದು ಎಂದು ತಂಗಿ ಆಗಲೇ ತಿಳಿಸಿದ್ದರು. ಕುಡಿಯುವ ನೀರು? ಸಮುದ್ರದ ಉಪ್ಪುನೀರನ್ನೇ ಸಿಹಿ ಮಾಡುವ ಯಂತ್ರ ಹಡಗಿನೊಳಗೇ ಇದೆಯೆಂದು ನಾನೇ ಒಪ್ಪಬೇಕಾಯಿತು. ಬೋರು ಬತ್ತಿದಾಗ ಟ್ಯಾಂಕರಿಗೆ ಕಾದು ನಿಂತವರಿಗೆ ಅದು ವಾದವಲ್ಲ, ವೈಭವ. ಹೊಯ್ದಾಟ? ಒಡಲಿನ ಎರಡೂ ಪಕ್ಕಕ್ಕೆ, ನೀರಿನೊಳಗೆ, ಮೀನಿನ ರೆಕ್ಕೆಯಂಥವನ್ನು ಚಾಚಿ ತೂಗಾಟ ತಗ್ಗಿಸುತ್ತಾರೆಂದು, ಸತ್ಯನಿಷ್ಠೆಯ ದುರಭ್ಯಾಸದಿಂದ ಹೇಳಿಬಿಟ್ಟೆ.

“ಹೊಂಗೆಸೊಪ್ಪು ಮಡಗವ್ರೆ ಅನ್ನು,” ಎಂದು ದೊಡ್ಡಮ್ಮ ನಕ್ಕರು.

ಆ ನಗು ನನ್ನನ್ನು ಕೆಣಕಿತು. ಉಳಿದಿದ್ದ ಒಂದೇ ಬಾಣವನ್ನು ಬಿಟ್ಟೆ: “ಹೋಗ್ಬಾ. ಗೌರಿ ಹಾಲು ಯಾರು ಕರೀತಾರೆ?”

ಗೌರಿ ಅವರ ಹಸು. ಪರರ ಕೈ ತಾಗಿದರೆ ಒದೆಯುವುದು, ಹಾಲನ್ನು ಮೇಲಕ್ಕೆಳೆದುಕೊಳ್ಳುವುದು ಅದರ ಸ್ವಭಾವ. ಮಹೇಶಣ್ಣನ ಮೊಣಕಾಲಿನ ಮೇಲೆ ಅದಕ್ಕೆ ಸಾಕ್ಷ್ಯವಿದೆ. ದೊಡ್ಡಮ್ಮನ ಬೆರಳುಗಳು ಅವರೆಕಾಯಿಯ ನಡುವೆ ನಿಂತವು. “ಅದೂ ದಿಟ್ವೇಯ. ತಂಗಿಗೆ ಬರಲ್ಲ ಅಂತ ಫೋನ್ ಮಾಡ್ಬುಡ್ತೀನಿ,” ಎಂದು ಮೊರ ಎತ್ತಿಕೊಂಡು ಒಳಗೆ ಹೋದರು.

ಗೆದ್ದಿದ್ದೆ. ಓದುಗ ಮಿತ್ರರೇ, ಇಷ್ಟು ಕಹಿಯಾದ ಪಾರಿತೋಷಕ ನನಗೆಂದೂ ಬಂದಿರಲಿಲ್ಲ. ಪರ, ವಿರೋಧ ಎರಡಕ್ಕೂ ಸಿದ್ಧನಾಗಿರಬೇಕೆಂಬುದು ಚರ್ಚಾಪಟುವಿನ ಮೊದಲ ಪಾಠ. ನಾನು ಒಂದೇ ಪಕ್ಷವನ್ನು ಓದಿಕೊಂಡು ಹೋಗಿದ್ದೆ. ಹಿಂದೆಯೇ ಒಳಗೆ ಹೋಗಿ, “ನಾನು ಕರೀತೀನಿ, ಕಲಿಸ್ಕೊಡು,” ಎಂದೆ.

ದೊಡ್ಡಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಗ್ಗದ ಮೇಲಿದ್ದ ತಮ್ಮ ಕೊಟ್ಟಿಗೆಯ ಸೀರೆಯನ್ನು ಎಳೆದುಕೊಟ್ಟರು. ಮಹೇಶಣ್ಣ ಹುಟ್ಟಿದಾಗ ಅವರ ಅತ್ತೆ ಹೀಗೆಯೇ ಸೊಸೆಯ ಸೀರೆ ಉಟ್ಟು, ಆಗಿನ ಹಸುವನ್ನು ನಂಬಿಸಿ ಹಾಲು ಕರೆದಿದ್ದರಂತೆ. ಪ್ರತ್ಯಕ್ಷವೇ ಪ್ರಮಾಣವೆಂದು ಸಾರುತ್ತಿದ್ದ ನಾನು, ಒಂದು ಪಶುವಿನ ಕಣ್ಣಿಗೆ ಸುಳ್ಳು ಪ್ರಮಾಣವಾಗಿ ಸೆರಗು ಹೊದ್ದು ಕುಳಿತೆ. ಮೊದಲ ದಿನ ಗೌರಿ ಪಾತ್ರೆ ಒದ್ದಳು. ಎರಡನೆಯ ದಿನ ನನ್ನನ್ನು. ಮೂರನೆಯ ದಿನ ಸೆರಗನ್ನು ಮೂಸಿ ನಿಟ್ಟುಸಿರಿಟ್ಟಳು. ಐದನೆಯ ದಿನ ಹಾಲಿಳಿಸಿದಳು. “ಪರ್ವಾಗಿಲ್ಲ, ಬಾಯಿಗಿಂತ ಕೈ ವಾಸಿ ಐತೆ,” ಎಂದ ದೊಡ್ಡಮ್ಮ ಮರುವಾರ ಹೊರಟರು. ಬಸ್ಸು ಹತ್ತುವಾಗಲೂ ಅವರು ಹೇಳಿದ್ದು ಹಿಂಡಿಯ ಅಳತೆಯನ್ನೇ.

ಇಂದು ಅವರು ಕಡಲಿನಲ್ಲಿ ಮೂರನೆಯ ದಿನದಲ್ಲಿದ್ದಾರೆ. ಬೆಳಿಗ್ಗೆ ಒಂದು ಫೋಟೊ ಬಂದಿತ್ತು: ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟ ಅಕ್ಕತಂಗಿ, ಹಿಂದೆ ಕಣ್ಣಿಗೆ ನಿಲುಕದಷ್ಟು ನೀರು. ಮಹೇಶಣ್ಣ ಅದನ್ನು ಡೈರಿಯ ಸಾಲಿನಲ್ಲಿ ಒಬ್ಬರನ್ನೂ ಬಿಡದೆ ತೋರಿಸಿದ. ನಾನು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಗೌರಿಗೆಂದು ಬಕೆಟ್ಟು ತುಂಬಿಕೊಂಡು ಹೊರಟೆ. ಹತ್ತು ಹೆಜ್ಜೆಗೆ ಕಾಲೆಲ್ಲ ಒದ್ದೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬೇಲಿಯ ಹೊಂಗೆಯಿಂದ ಒಂದು ಕುಡಿ ಮುರಿದು ನೀರಿನ ಮೇಲಿಟ್ಟೆ.

ಕೊಟ್ಟಿಗೆ ಮುಟ್ಟುವವರೆಗೆ ಒಂದು ಹನಿಯೂ ತುಳುಕಲಿಲ್ಲ. ಗೌರಿ ಸೊಪ್ಪನ್ನು ಮೂತಿಯಿಂದ ಪಕ್ಕಕ್ಕೆ ಸರಿಸಿ, ನಿಧಾನವಾಗಿ ಕುಡಿದಳು. ನನ್ನ ಕಡೆಯಿಂದಲೂ ಪ್ರತಿವಾದವಿರಲಿಲ್ಲ.